ಸೆಟೆದ ಕುದುರೆಯನ್ನು ನಡೆಸಬೇಡಿ

ದೂರದ ಹಾದಿಯಲ್ಲಿ ಹದವಾಗಿ ಓಡುತ್ತಿದ್ದ ಕುದುರೆ ಹೆಜ್ಜೆ ಕಿರಿದು ಮಾಡಿಕೊಳ್ಳುತ್ತದೆ. ಹಿಂಗಾಲು ಮುಂದಕ್ಕೆ ಬರಲೊಲ್ಲದು. ಸೊಂಟದ ಹಿಂಭಾಗವನ್ನು ಒತ್ತಿ ನೋಡಿದರೆ ಬೆರಳು ಇಳಿಯದಷ್ಟು ಬಿಗಿ. ಮೈಯೆಲ್ಲ ಬೆವರು, ಮೂಗಿನ ಹೊಳ್ಳೆ ಅರಳಿದೆ, ನಿಂತಲ್ಲೇ ಮುಂಗಾಲಿನಿಂದ ನೆಲ ಕೆರೆಯುತ್ತಿದೆ. ಇಂಥ ಹೊತ್ತಿನಲ್ಲಿ ಸವಾರನಿಗೆ ತೋಚುವುದು ಒಂದೇ: ಇಳಿದು, ಲಗಾಮು ಹಿಡಿದು ನಾಲ್ಕು ಹೆಜ್ಜೆ ನಡೆಸೋಣ, ಸೆಟೆತ ತಾನಾಗಿ ಬಿಟ್ಟೀತು. ಹೊಟ್ಟೆನೋವು ಬಂದ ಕುದುರೆಯನ್ನು ನಡೆಸುವ ರೂಢಿ ಲಾಯಗಳಲ್ಲಿ ತಲೆಮಾರುಗಳಿಂದ ಇದೆ. ಹಾಗಾಗಿ ಈ ಯೋಚನೆ ಬರುವುದು ಸಹಜ. ಆದರೆ ಸ್ನಾಯು ಹಿಡಿದ ಕುದುರೆಗೆ ಆ ನಾಲ್ಕು ಹೆಜ್ಜೆ ಬಲು ದುಬಾರಿ. ಆಗಲೇ ಬಿರುಕು ಬಿಟ್ಟ ಎಳೆಗಳು ಒಂದೊಂದು ಹೆಜ್ಜೆಗೂ ಇನ್ನಷ್ಟು ಹರಿಯುತ್ತವೆ. ಅದನ್ನು ನಿಂತಲ್ಲೇ ನಿಲ್ಲಿಸಬೇಕು, ಸಾಗಿಸುವ ವಾಹನವನ್ನು ಅದರ ಬಳಿಗೇ ತರಿಸಬೇಕು. ದಾರಿ ಕಡಿದಾಗಿದ್ದು ವಾಹನ ಬರುವಂತಿಲ್ಲದಿದ್ದರೆ ಅದು ನಿಂತ ಜಾಗದಲ್ಲೇ ನೀರು, ನೆರಳು, ವೈದ್ಯ ಎಲ್ಲವನ್ನೂ ಒದಗಿಸಬೇಕು.

ಪಶುವೈದ್ಯರು ಇದನ್ನು ಎಕ್ಸರ್ಷನಲ್ ರಾಬ್ಡೊಮಯಾಲಿಸಿಸ್ ಎಂದು ಬರೆದುಕೊಳ್ಳುತ್ತಾರೆ, ಸವಾರರು ಟೈಯಿಂಗ್ ಅಪ್ ಎನ್ನುತ್ತಾರೆ. ದುಡಿಮೆಯ ಭಾರಕ್ಕೆ ಸ್ನಾಯುವಿನ ಎಳೆಗಳು ಒಡೆದು, ಅವುಗಳ ಒಳಗಿರಬೇಕಾದದ್ದು ರಕ್ತಕ್ಕೆ ಸೋರುವ ಸ್ಥಿತಿ ಇದು. ಯುರೋಪಿನಲ್ಲಿ ಉಳುಮೆಗೂ ಗಾಡಿಗೂ ಕುದುರೆ ಕಟ್ಟುತ್ತಿದ್ದ ಕಾಲದಲ್ಲಿ ರೈತರೆಲ್ಲ ಇದನ್ನು ಬಲ್ಲವರೇ. ವಾರದ ಆರು ದಿನ ದುಡಿದ ಕುದುರೆಗೆ ಭಾನುವಾರ ರಜೆ. ರಜೆಯಿದ್ದರೂ ಕಾಳಿನ ಪಾಲು ಮಾತ್ರ ದಿನದಷ್ಟೇ. ಸೋಮವಾರ ಬೆಳಿಗ್ಗೆ ನೊಗ ಹೂಡಿ ಕಾಲು ಮೈಲಿ ಹೋಗುವಷ್ಟರಲ್ಲಿ ಕುದುರೆ ನಿಂತುಬಿಡುತ್ತಿತ್ತು, ಕಾಫಿ ಬಣ್ಣದ ಮೂತ್ರ ಹೋಗುತ್ತಿತ್ತು. ಟ್ರ್ಯಾಕ್ಟರು ಬಂದ ಮೇಲೆ ಆ ಕುದುರೆಗಳು ಕಡಿಮೆಯಾದವು. ರೋಗ ಮಾತ್ರ ರೇಸಿನ ಕುದುರೆಗಳಲ್ಲಿ, ಎಂಡ್ಯೂರೆನ್ಸ್ ಎಂದು ಕರೆಯುವ ದೂರದ ಸವಾರಿಯ ಕುದುರೆಗಳಲ್ಲಿ ಉಳಿದುಕೊಂಡಿತು.

ದೂರದ ಸವಾರಿಯೆಂದರೆ ಎಷ್ಟು ದೂರ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಟೆವಿಸ್ ಕಪ್ ನೋಡಬೇಕು. ಆಬರ್ನ್ ಊರಿನ ವೆಂಡೆಲ್ ರೋಬಿ 1955ರಲ್ಲಿ ಆರಂಭಿಸಿದ ಸವಾರಿಯಿದು. ಸಿಯೆರಾ ನೆವಾಡ ಪರ್ವತಸಾಲಿನ ಎತ್ತರದಲ್ಲಿ, ಟ್ರಕಿ ಊರಿನ ಹತ್ತಿರ ನಸುಕಿನಲ್ಲಿ ಹೊರಟು, 100 ಮೈಲಿ ದಾಟಿ, 24 ಗಂಟೆಯೊಳಗೆ ಆಬರ್ನ್ ತಲುಪಬೇಕು. ಬೆಳಗಿನ ಚಳಿಯಲ್ಲಿ ಹೊರಟ ಕುದುರೆ ಮಧ್ಯಾಹ್ನದ ಹೊತ್ತಿಗೆ ಕಣಿವೆಗಳ ಆಳಕ್ಕಿಳಿಯುತ್ತದೆ. ಅಲ್ಲಿ ಗಾಳಿ ಆಡುವುದಿಲ್ಲ, ಬಿಸಿಲು 38 ಡಿಗ್ರಿ ದಾಟುವುದು ಸಾಮಾನ್ಯ. ಈ ಹಾದಿಯಲ್ಲಿ ಏರುವುದಕ್ಕಿಂತ ಇಳಿಯುವುದು ಹೆಚ್ಚು. ಒಟ್ಟು ಇಳಿತವೇ 20,000 ಅಡಿಗೂ ಮೇಲೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ, ಎಳೆಗಳಿಗೆ ಏಟು ಬೀಳುವುದು ಇಂಥ ಕೆಲಸದಲ್ಲೇ ಜಾಸ್ತಿ. ಹೊರಟ ಕುದುರೆಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಮಾತ್ರ ಕೊನೆ ಮುಟ್ಟುತ್ತವೆ. ಉಳಿದವನ್ನು ನಡುದಾರಿಯ ತಪಾಸಣೆಗಳಲ್ಲಿ ವೈದ್ಯರು ಹೊರಗಿಡುತ್ತಾರೆ, ಇಲ್ಲವೆ ಸವಾರರೇ ಹಿಂದೆಗೆಯುತ್ತಾರೆ. ಗುರಿ ಮುಟ್ಟಿದರೂ ಪರೀಕ್ಷೆ ಮುಗಿಯದು: ಈ ಕುದುರೆ ಇನ್ನೂ ಮುಂದೆ ಹೋಗಬಲ್ಲದೇ ಎಂದು ವೈದ್ಯರು ಕೇಳುತ್ತಾರೆ. ಹೋಗಲಾರದು ಎಂದಾದರೆ ಅಷ್ಟು ದೂರ ಬಂದದ್ದು ಲೆಕ್ಕಕ್ಕಿಲ್ಲ. ಪ್ರಾಣಿಯೊಂದಿಗೆ ಮನುಷ್ಯ ಆಡುವ ಆಟಗಳ ನಿಯಮಗಳಲ್ಲಿ ಇದರಷ್ಟು ನ್ಯಾಯವಾದದ್ದು ಅಪರೂಪ ಎಂದೇ ನನಗನ್ನಿಸುತ್ತದೆ.

ಇಷ್ಟೆಲ್ಲ ಕಾವಲಿದ್ದೂ ಸ್ನಾಯು ಏಕೆ ಹಿಡಿಯುತ್ತದೆ? ಸ್ನಾಯು ಬಿಗಿಯುವುದಕ್ಕೆ ಮಾತ್ರವಲ್ಲ, ಸಡಿಲಗೊಳ್ಳುವುದಕ್ಕೂ ಶಕ್ತಿ ಬೇಕು. ಮೆದುಳಿನ ಆಜ್ಞೆ ಬಂದೊಡನೆ ಎಳೆಯ ಒಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬರುತ್ತದೆ, ತಂತುಗಳು ಒಂದನ್ನೊಂದು ಹಿಡಿದು ಎಳೆಯುತ್ತವೆ, ಎಳೆ ಬಿಗಿಯುತ್ತದೆ. ಆ ಹಿಡಿತ ಬಿಡಿಸಲು, ಕ್ಯಾಲ್ಸಿಯಂ ಅನ್ನು ಮತ್ತೆ ಚೀಲಕ್ಕೆ ತುಂಬಲು ಎಟಿಪಿ ಎಂಬ ಶಕ್ತಿಕಣ ಖರ್ಚಾಗಬೇಕು. ಎಟಿಪಿ ಸಾಲದಾದರೆ, ಅಥವಾ ಲವಣಗಳ ಏರುಪೇರಿನಿಂದ ಈ ಪಂಪು ಕೆಟ್ಟರೆ ಎಳೆ ಬಿಗಿದಲ್ಲೇ ನಿಲ್ಲುತ್ತದೆ. ಬಿಗಿದ ಎಳೆಗೆ ರಕ್ತ ಸರಿಯಾಗಿ ಹರಿಯದು, ಕಾವು ಹೊರಹೋಗದು, ಕೊನೆಗೆ ಅದರ ಹೊರಪೊರೆ ಒಡೆಯುತ್ತದೆ. ಕುದುರೆಯ ಮೈತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸ್ನಾಯುವೇ. 400 ಕಿಲೋದ ಅರಬ್ಬಿ ಕುದುರೆಯ ಹಿಂಭಾಗದ ಸ್ನಾಯುಗಳಲ್ಲಿ ಒಂದಷ್ಟು ಪಾಲು ಒಡೆದರೂ ರಕ್ತಕ್ಕೆ ಸುರಿಯುವ ಸರಕು ಸಣ್ಣದಲ್ಲ.

ಬಹುಕಾಲ ಇದಕ್ಕೆಲ್ಲ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ನಂಬಲಾಗಿತ್ತು. 1930ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್‌ಸ್ಟ್ರಾಮ್ ಗಾಡಿ ಕುದುರೆಗಳನ್ನು ಪರೀಕ್ಷಿಸಿ ಹೇಳಿದ್ದು ಇದು: ರಜೆಯ ದಿನ ಸ್ನಾಯುವಿನಲ್ಲಿ ಗ್ಲೈಕೊಜನ್ ಅತಿಯಾಗಿ ತುಂಬಿಕೊಳ್ಳುತ್ತದೆ, ಮರುದಿನದ ದುಡಿಮೆಯಲ್ಲಿ ಅದು ಆಮ್ಲವಾಗಿ ಸ್ನಾಯುವನ್ನು ಸುಡುತ್ತದೆ. ಕೇಳಲು ಸರಿಯಾಗಿಯೇ ಇದ್ದುದರಿಂದ ಮಾತು ಬೇಗ ಹರಡಿತು. ಆಮ್ಲವೆಂದ ಮೇಲೆ ಅಡುಗೆ ಸೋಡಾ ಕೊಡುವುದು ಚಿಕಿತ್ಸೆಯಾಯಿತು. ಆದರೆ ಲ್ಯಾಕ್ಟಿಕ್ ಆಮ್ಲ ಅತಿ ಹೆಚ್ಚು ಏರುವುದು ಪೂರ್ಣ ವೇಗದಲ್ಲಿ ಓಡುವ ರೇಸ್ ಕುದುರೆಯಲ್ಲಿ. ಅದಕ್ಕೆ ರೇಸಿನ ನಡುವೆ ಸ್ನಾಯು ಹಿಡಿಯುವುದು ತೀರ ವಿರಳ. ದೂರದ ಸವಾರಿಯ ಕುದುರೆ ಗಂಟೆಗೆ 15–20 ಕಿಲೋಮೀಟರು ವೇಗದಲ್ಲಿ, ಉಸಿರಿನ ಆಮ್ಲಜನಕವನ್ನೇ ನೆಚ್ಚಿಕೊಂಡು ಸಾಗುವಂಥದು. ಅದರ ರಕ್ತದಲ್ಲಿ ಆ ಆಮ್ಲ ಹೆಚ್ಚಿರುವುದಿಲ್ಲ. ಇನ್ನೂ ಮುಖ್ಯವಾದದ್ದು ಬೇರೆ ಇದೆ. ಬೆವರಿನಲ್ಲಿ ಕ್ಲೋರೈಡ್ ಹರಿದುಹೋಗಿ ದಣಿದ ಕುದುರೆಯ ರಕ್ತ ಕ್ಷಾರದ ಕಡೆಗೇ ವಾಲಿರುತ್ತದೆ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 1970ರ ದಶಕದಲ್ಲೇ ದೂರದ ಸವಾರಿಗಳಿಗೆ ಹೋಗಿ ಕುದುರೆಗಳ ರಕ್ತ ತೆಗೆದು ನೋಡಿದಾಗ ಲವಣಗಳ ಈ ಏರುಪೇರು ಕಂಡುಬಂದಿತ್ತು. ಆಗಲೇ ಕ್ಷಾರವಾಗಿರುವ ರಕ್ತಕ್ಕೆ ಸೋಡಾ ಸುರಿದರೆ ರೋಗಕ್ಕೆ ಬಲ ಕೊಟ್ಟಂತೆ. ಕ್ಯಾಲ್ಸಿಯಂ ಇನ್ನಷ್ಟು ಕುಸಿದು, ಹೃದಯ ಬಡಿದಾಗಲೆಲ್ಲ ಪಕ್ಕೆ ಅದುರುವ ಥಂಪ್ಸ್ ಎಂಬ ತೊಂದರೆಯೂ ಸೇರಿಕೊಳ್ಳಬಹುದು. ರಕ್ತಪರೀಕ್ಷೆಯಿಲ್ಲದೆ ಸೋಡಾ ಕುಡಿಸುವ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದನ್ನು ಬಿಡಲೇಬೇಕು.

ಬೆವರಿನ ಮಾತು ಇಲ್ಲಿಗೆ ಮುಗಿಯುವಂಥದಲ್ಲ. ಕುದುರೆಯ ಮೈ ಅರ್ಥವಾಗಬೇಕಾದರೆ ಅದರ ಬೆವರು ಅರ್ಥವಾಗಬೇಕು. ಸ್ನಾಯು ಸುಡುವ ಶಕ್ತಿಯಲ್ಲಿ ಚಲನೆಗೆ ಒದಗುವುದು ಕಾಲುಭಾಗಕ್ಕಿಂತ ಹೆಚ್ಚಿಲ್ಲ, ಮಿಕ್ಕದ್ದೆಲ್ಲ ಕಾವು. ಅಷ್ಟು ದೊಡ್ಡ ಮೈಯಿಂದ ಆ ಕಾವು ಹೊರಹೋಗಲು ಬೆವರು ಧಾರೆಯಾಗಿ ಹರಿಯಬೇಕು. ಬಿಸಿಲಿನಲ್ಲಿ ಗಂಟೆಗೆ 10ರಿಂದ 15 ಲೀಟರು ಬೆವರು ಹೋಗುವುದುಂಟು. ಅದರಲ್ಲಿ ಲ್ಯಾದರಿನ್ ಎಂಬ ಪ್ರೋಟೀನ್ ಇರುವುದರಿಂದ ಬೆವರು ಕೂದಲಿನ ಮೇಲೆ ಹರಡಿ ಬೇಗ ಆರುತ್ತದೆ. ಓಡಿ ಬಂದ ಕುದುರೆಯ ಕತ್ತು, ತೊಡೆಗಳಲ್ಲಿ ಕಾಣುವ ಬಿಳಿ ನೊರೆ ಅದರದೇ.

ಮನುಷ್ಯನ ಬೆವರಿನಲ್ಲಿ ಲವಣ ರಕ್ತದಲ್ಲಿರುವುದಕ್ಕಿಂತ ಕಡಿಮೆ. ಕುದುರೆಯ ಬೆವರಿನಲ್ಲಿ ಸೋಡಿಯಂ ರಕ್ತದಲ್ಲಿದ್ದಷ್ಟೇ ಇರುತ್ತದೆ, ಕ್ಲೋರೈಡ್ ಅದಕ್ಕಿಂತ ಹೆಚ್ಚು, ಪೊಟ್ಯಾಸಿಯಂ ಹಲವು ಪಟ್ಟು ಹೆಚ್ಚು. ಲೀಟರಿಗೆ ಸುಮಾರು 10 ಗ್ರಾಂ ಲವಣ ಹೋಗುತ್ತದೆ. ಇದರಿಂದ ಆಗುವ ದೊಡ್ಡ ಅನಾಹುತ ಬಾಯಾರಿಕೆಗೆ ಸಂಬಂಧಿಸಿದ್ದು. ಒಲೆಯ ಮೇಲೆ ಸಾರು ಕುದ್ದು ನೀರು ಇಂಗಿದರೆ ಉಪ್ಪು ಮುಂದಾಗುತ್ತದೆ, ನಾಲಿಗೆಗೆ ತಕ್ಷಣ ತಿಳಿಯುತ್ತದೆ. ಅದೇ ಸಾರನ್ನು ಸೌಟಿನಲ್ಲಿ ಎತ್ತಿ ಎತ್ತಿ ಚೆಲ್ಲಿದರೆ ಪಾತ್ರೆ ಬರಿದಾಗುತ್ತಿದ್ದರೂ ರುಚಿ ಬದಲಾಗುವುದಿಲ್ಲ. ನಾವು ಬೆವರಿದಾಗ ರಕ್ತದಲ್ಲಿ ಉಪ್ಪಿನ ಪ್ರಮಾಣ ಏರುತ್ತದೆ, ಮೆದುಳು ಅದನ್ನು ಗುರುತಿಸಿ ನೀರು ಬೇಡುತ್ತದೆ. ಕುದುರೆಯ ಮೈಯಿಂದ ನೀರೂ ಉಪ್ಪೂ ಒಟ್ಟಿಗೆ ಹೋಗುತ್ತವೆ, ಪ್ರಮಾಣ ಏರುವುದೇ ಇಲ್ಲ, ಬಾಯಾರಿಕೆಯ ಸೂಚನೆ ಹುಟ್ಟುವುದಿಲ್ಲ. 30 ಲೀಟರು ಕಳೆದುಕೊಂಡ ಕುದುರೆ ತೊಟ್ಟಿಯ ಮುಂದೆ ನಿಂತು ಎರಡು ಗುಟುಕು ಕುಡಿದು ತಲೆಯೆತ್ತಿಬಿಡುತ್ತದೆ. ಕುಡಿಯಲಿಲ್ಲವೆಂದರೆ ಬೇಕಿರಲಿಲ್ಲ ಎಂದು ಸವಾರ ತೀರ್ಮಾನಿಸಿ ಮುಂದೆ ಹೋಗುತ್ತಾನೆ. ಸ್ನಾಯು ಹಿಡಿಯುವ ಎಷ್ಟೋ ಕುದುರೆಗಳ ಕಥೆ ಶುರುವಾಗುವುದು ಈ ತೊಟ್ಟಿಯ ಮುಂದೆ.

ಪರಿಹಾರವೂ ಅಲ್ಲೇ ಇದೆ. ದಣಿದ ಕುದುರೆಗೆ ಮೊದಲು ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ನೀರು ಕೊಟ್ಟರೆ ಅದರ ನಂತರ ಅದು ಬರಿ ನೀರನ್ನು ಹೆಚ್ಚು ಕುಡಿಯುತ್ತದೆಂದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳು ತೋರಿಸಿವೆ. ಉಪ್ಪು ಒಳಗೆ ಹೋದಾಗಲೇ ಬಾಯಾರಿಕೆ ಎಚ್ಚರಗೊಳ್ಳುವುದು. ಸವಾರರು ಪಿಚಕಾರಿಯಲ್ಲಿ ಲವಣದ ಗಟ್ಟಿ ಪೇಸ್ಟ್ ತುಂಬಿ ಬಾಯಿಗೆ ಹಾಕುವುದೂ ಇದೇ ಕಾರಣಕ್ಕೆ. ಕುದುರೆ ನೀರು ಕುಡಿಯುತ್ತಿದ್ದರೆ ಅದು ಒಳ್ಳೆಯದು. ಒಂದು ಹನಿಯೂ ಕುಡಿಯದ ಕುದುರೆಗೆ ಆ ಪೇಸ್ಟನ್ನೇ ಮತ್ತೆ ಮತ್ತೆ ಕೊಟ್ಟರೆ ಕರುಳು ತನ್ನೊಳಗಿನ ಉಪ್ಪನ್ನು ತೆಳುಮಾಡಲು ರಕ್ತದಿಂದಲೇ ನೀರು ಸೆಳೆದುಕೊಳ್ಳುತ್ತದೆ. ಆಗ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ.

ಸ್ನಾಯು ಹಿಡಿಯುವುದು ಬಹಳ ದಣಿದ ಮೇಲೆಯೇ ಎಂದುಕೊಳ್ಳುವಂತೆಯೂ ಇಲ್ಲ. ಎಷ್ಟೋ ಪ್ರಸಂಗಗಳು ಮೊದಲ ಹತ್ತಿಪ್ಪತ್ತು ಮೈಲಿಗಳಲ್ಲೇ ಆಗುತ್ತವೆ. ಹಿಂದಿನ ದಿನವೆಲ್ಲ ವಾಹನದಲ್ಲಿ ನಿಂತು ಬಂದ ಕುದುರೆ, ರಾತ್ರಿ ಕಟ್ಟಿಹಾಕಿದ ಜಾಗದಲ್ಲೇ ಹೊಟ್ಟೆತುಂಬ ಕಾಳು, ನಸುಕಿನ ಚಳಿ, ಸುತ್ತ ನೂರಾರು ಕುದುರೆಗಳ ಗಲಾಟೆ. ಅದು ಮುನ್ನುಗ್ಗಲು ಕುಣಿಯುತ್ತಿರುತ್ತದೆ, ಸವಾರ ಲಗಾಮು ಜಗ್ಗಿ ಹಿಡಿದಿರುತ್ತಾನೆ. ಈ ಎಳೆದಾಟದಲ್ಲಿ ಸ್ನಾಯು ಇನ್ನೂ ಹದಕ್ಕೆ ಬರುವ ಮೊದಲೇ ಸೆಟೆಯುತ್ತದೆ. ಆರಂಭದಲ್ಲಿ ಹಿಡಿಯುವ ಕುದುರೆಗಳಲ್ಲಿ ಹುಟ್ಟಿನಿಂದ ಬಂದ ಸ್ನಾಯುದೋಷವಿರುವ ಅನುಮಾನ ಹೆಚ್ಚು. ತಡವಾಗಿ ಹಿಡಿಯುವವುಗಳಲ್ಲಿ ನೀರು, ಲವಣ, ಇಂಧನ ಮೂರೂ ಬರಿದಾಗಿರುತ್ತವೆ. ನಡುಹಾದಿಯ ತಪಾಸಣೆಯಲ್ಲಿ ವೈದ್ಯರು ಸ್ಪರ್ಧೆಗೆ ತಕ್ಕಂತೆ ನಿಮಿಷಕ್ಕೆ 60 ಅಥವಾ 64ಕ್ಕೆ ನಾಡಿ ಇಳಿಯುತ್ತದೆಯೇ ಎಂದು ನೋಡುತ್ತಾರೆ. ವಸಡು ಒತ್ತಿ ಬಿಟ್ಟಾಗ ರಕ್ತ ಎಷ್ಟು ಬೇಗ ಮರಳುತ್ತದೆ, ಕತ್ತಿನ ಚರ್ಮ ಹಿಡಿದೆತ್ತಿದರೆ ಎಷ್ಟು ಹೊತ್ತು ಹಾಗೇ ನಿಲ್ಲುತ್ತದೆ, ಹೊಟ್ಟೆಯಲ್ಲಿ ಸದ್ದಿದೆಯೇ ಎಂದೆಲ್ಲ ಪರೀಕ್ಷಿಸುತ್ತಾರೆ. ಕೈಯಲ್ಲಿ ಹಿಡಿದು ಓಡಿಸಿ ಕುದುರೆಯ ನಡಿಗೆ ನೋಡುತ್ತಾರೆ. ಇಷ್ಟರಲ್ಲಿ ಸವಾರನಿಗೆ ಮಾತ್ರ ತಿಳಿಯುವಂಥದು ಒಂದಿದೆ: ದಿನವೂ ಕಾಣುವ ತನ್ನ ಕುದುರೆ ಇಂದು ಎಂದಿನಂತಿಲ್ಲ ಎಂಬುದು. ಆ ಸಂಶಯವನ್ನು ವೈದ್ಯರಿಗೆ ಹೇಳದೆ ಮುಚ್ಚಿಟ್ಟು, ತಪಾಸಣೆಯಲ್ಲಿ ಪಾಸಾದರೆ ಸಾಕೆಂದು ಕಾಯುವುದು ಕುದುರೆಗೆ ಮಾಡುವ ದ್ರೋಹ.

ಸ್ನಾಯುವಿನ ಗಾಯಕ್ಕಿಂತ ಹೆಚ್ಚು ಅಪಾಯ ಇರುವುದು ಮೂತ್ರಪಿಂಡಕ್ಕೆ. ಒಡೆದ ಎಳೆಗಳಿಂದ ಸೋರುವ ಮಯೊಗ್ಲೊಬಿನ್ ಎಂಬ ಕೆಂಪು ಪ್ರೋಟೀನ್ ರಕ್ತದೊಂದಿಗೆ ಮೂತ್ರಪಿಂಡಕ್ಕೆ ಬಂದು ಅಲ್ಲಿ ಸೋಸಿಹೋಗುತ್ತದೆ. ಮೂತ್ರ ಕೆಂಪುಗಂದು ಬಣ್ಣಕ್ಕೆ ತಿರುಗುವುದು ಇದರಿಂದ. ನೀರು ಸಾಕಷ್ಟಿದ್ದರೆ ಅದು ತೊಳೆದುಹೋಗುತ್ತದೆ. ನೀರಿಲ್ಲದ ಮೈಯಲ್ಲಿ ಮೂತ್ರಪಿಂಡಕ್ಕೆ ರಕ್ತವೇ ಕಡಿಮೆ ಹರಿಯುವುದರಿಂದ ಅದು ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಂಡು ಅವುಗಳ ಒಳಪದರವನ್ನು ಕೊಲ್ಲುತ್ತದೆ. ಸ್ನಾಯು ಮತ್ತೆ ಬೆಳೆಯಬಲ್ಲದು. ಸತ್ತ ಮೂತ್ರಪಿಂಡ ಕುದುರೆಯನ್ನೂ ಕೊಂಡೊಯ್ಯುತ್ತದೆ. ಹಾಗಾಗಿ ಈ ರೋಗದ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ನೀರು.

ಕುದುರೆ ಕುಡಿಯುವಂತಿದ್ದರೆ ಕುಡಿಸಬೇಕು. ಕುಡಿಯದಿದ್ದರೆ, ಕರುಳು ಕೆಲಸ ಮಾಡುತ್ತಿದ್ದರೆ, ವೈದ್ಯರು ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಇಳಿಸಿ ಒಂದು ಸಲಕ್ಕೆ ಆರೆಂಟು ಲೀಟರು ಲವಣದ ನೀರು ಹಾಕುತ್ತಾರೆ. ನೀರು ಹಿಂದಕ್ಕೆ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಮತ್ತೆ ಹಾಕುತ್ತಾರೆ. ಮೂತ್ರ ಬಣ್ಣಗೆಟ್ಟಿದ್ದರೆ ಅಥವಾ ಹೊಟ್ಟೆಯ ಸದ್ದು ನಿಂತಿದ್ದರೆ ಕತ್ತಿನ ರಕ್ತನಾಳಕ್ಕೇ ಡ್ರಿಪ್. ಮನುಷ್ಯನಿಗೆ ಹಾಕುವ ಅರ್ಧ ಲೀಟರಿನ ಬಾಟಲಿ ಇಲ್ಲಿ ಯಾವ ಮೂಲೆಗೂ ಸಾಲದು. ಐದೈದು ಲೀಟರಿನ ಚೀಲಗಳನ್ನು ಒಂದರ ಹಿಂದೊಂದು ತೂಗುಹಾಕುತ್ತಾರೆ, ತೀವ್ರ ಪ್ರಸಂಗದಲ್ಲಿ ಒಂದು ದಿನದಲ್ಲಿ 50 ಲೀಟರು ದಾಟುವುದುಂಟು. ಮೂತ್ರ ತಿಳಿಯಾಗುವವರೆಗೂ ಇದು ನಿಲ್ಲಬಾರದು. ಮೂತ್ರ ಬರಲೆಂದು ಫ್ಯುರೋಸೆಮೈಡ್‌ನಂಥ ಮದ್ದನ್ನು ನೀರು ತುಂಬುವ ಮೊದಲೇ ಕೊಡುವುದು ಅಪಾಯಕಾರಿ. ಇದ್ದ ನೀರನ್ನೂ ಅದು ಹೊರಹಾಕುತ್ತದೆ.

ಇಲ್ಲಿ ನೋವಿನ ಔಷಧಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಈ ಔಷಧಿಯಿಂದಲೇ ಕುದುರೆಗೆ ಕೇಡಾಗಬಹುದು. ಸ್ನಾಯು ಹಿಡಿದ ನೋವು ವಿಪರೀತ. ನಾಡಿ ಏರುತ್ತದೆ, ಕುದುರೆ ನಡುಗುತ್ತದೆ, ಕೆಲವು ನೆಲಕ್ಕೊರಗುತ್ತವೆ. ನೋಡುವವರಿಗೆ ಸಹಿಸಲಾಗದು. ಕುದುರೆಯಿರುವ ಮನೆಯಲ್ಲಿ ಫೀನೈಲ್‌ಬ್ಯುಟಜೋನ್ ಅಥವಾ ಫ್ಲುನಿಕ್ಸಿನ್ ಇದ್ದೇ ಇರುತ್ತದೆ, ಕೈ ಅದರ ಕಡೆ ಹೋಗುತ್ತದೆ. ನೀರಿಲ್ಲದೆ ಬತ್ತಿದ ಮೈಯಲ್ಲಿ ಮೂತ್ರಪಿಂಡಕ್ಕೆ ಅಷ್ಟಿಷ್ಟು ರಕ್ತ ಹರಿಯುತ್ತಿರುವುದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಅಲ್ಲಿನ ರಕ್ತನಾಳಗಳನ್ನು ತೆರೆದಿಟ್ಟಿರುವುದರಿಂದ. ಈ ಔಷಧಿಗಳು ನೋವು ಕಡಿಮೆ ಮಾಡುವುದು ಅದೇ ಪ್ರೋಸ್ಟಗ್ಲಾಂಡಿನ್‌ಗಳನ್ನು ತಡೆದು. ನಾಳ ಮುಚ್ಚುತ್ತದೆ, ಮಯೊಗ್ಲೊಬಿನ್ ಹೊರೆ ಹೊತ್ತಿರುವ ಮೂತ್ರಪಿಂಡಕ್ಕೆ ರಕ್ತವೂ ತಪ್ಪುತ್ತದೆ. ಕರುಳಿನ ಒಳಪದರಕ್ಕೂ ಇದೇ ಗತಿ. ಆದ್ದರಿಂದ ಮೊದಲು ನೀರು ತುಂಬಬೇಕು, ಮೂತ್ರ ಬರಬೇಕು, ಆಮೇಲೆ ವೈದ್ಯರು ಅಳೆದು ಕೊಟ್ಟರೆ ಆ ಔಷಧಿಯಿಂದ ಒಳಿತಿದೆ. ಭಯ, ತಳಮಳ ಇಳಿಸಲು ಅಸಿಪ್ರೊಮಜೀನ್ ಹೆಸರುವಾಸಿ. ಅದು ರಕ್ತದೊತ್ತಡ ಇಳಿಸುವುದರಿಂದ ಅದಕ್ಕೂ ಇದೇ ಷರತ್ತು. ನೀರು ತುಂಬುವ ತನಕ ನೋವು ತಡೆಯಲು ಜೈಲಜೀನ್, ಬ್ಯುಟೋರ್ಫನಾಲ್‌ನಂಥ ಬೇರೆ ದಾರಿಗಳು ವೈದ್ಯರ ಕೈಯಲ್ಲಿವೆ. ಸವಾರ ತನ್ನ ಚೀಲದಿಂದ ಏನನ್ನೂ ಕೊಡದೆ, ಆಗಲೇ ಏನಾದರೂ ಕೊಟ್ಟಿದ್ದರೆ ಬಚ್ಚಿಡದೆ ಹೇಳುವುದು ದೊಡ್ಡ ಉಪಕಾರ.

ಬಿಸಿಯೇರಿದ ಹಿಂಭಾಗದ ಮೇಲೆ ತಣ್ಣೀರು ಸುರಿದರೆ ಸ್ನಾಯು ಹಿಡಿಯುತ್ತದೆಂಬ ಹೆದರಿಕೆ ಕುದುರೆ ಸಾಕುವವರಲ್ಲಿ ಬಹಳ ಹಳೆಯದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸೆಖೆಗೆ ಸಿದ್ಧರಾಗುವಾಗ ಬ್ರಿಟನ್ನಿನ ಡೇವಿಡ್ ಮಾರ್ಲಿನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೊಡ್ಡಿದರು. ತಣ್ಣೀರಿನಿಂದ ಸ್ನಾಯುವಿಗೆ ಕೇಡಾಗಲಿಲ್ಲ, ಕುದುರೆಗಳು ಬೇಗ ತಣಿದವು. ಮೈ ಸುಡುತ್ತಿರುವಾಗ ನೀರು ಸುರಿಯಲು ಹಿಂಜರಿಯಬೇಕಿಲ್ಲ. ಚಳಿಗಾಳಿಯ ಬೆಟ್ಟದ ಮೇಲೆ ನಿಂತುಬಿಟ್ಟ ಕುದುರೆಗೆ ಮಾತ್ರ ಸೊಂಟದ ಮೇಲೊಂದು ಕಂಬಳಿ ಬೇಕು.

ಏಟು ಎಷ್ಟು ಬಿದ್ದಿದೆ ಎಂಬುದನ್ನು ಹೇಳುವುದು ರಕ್ತ. ಕ್ರಿಯಾಟಿನ್ ಕೈನೇಸ್, ಚಿಕ್ಕದಾಗಿ ಸಿಕೆ, ಸ್ನಾಯುವಿನ ಒಳಗಿರಬೇಕಾದ ಕಿಣ್ವ. ವಿಶ್ರಾಂತಿಯಲ್ಲಿರುವ ಕುದುರೆಯಲ್ಲಿ ಇದು ಲೀಟರಿಗೆ ಕೆಲವು ನೂರು ಯೂನಿಟ್. ನೂರು ಮೈಲಿ ಕ್ಷೇಮವಾಗಿ ಮುಗಿಸಿದ ಕುದುರೆಯಲ್ಲೂ ಇದು ಸಾವಿರಗಳಿಗೆ ಏರಿರುತ್ತದೆ, ಅಷ್ಟಕ್ಕೇ ಗಾಬರಿ ಬೇಡ. ಸ್ನಾಯು ಒಡೆದ ಕುದುರೆಯಲ್ಲಿ ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷ ದಾಟುತ್ತದೆ. ಸಿಕೆ ನಾಲ್ಕಾರು ಗಂಟೆಗಳಲ್ಲಿ ತುದಿಗೇರಿ, ಸೋರಿಕೆ ನಿಂತರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಎಎಸ್‌ಟಿ ಎಂಬ ಇನ್ನೊಂದು ಕಿಣ್ವ ಒಂದು ದಿನ ತಡವಾಗಿ ಏರಿ ವಾರಗಟ್ಟಲೆ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ಹಾನಿ ಇಂದಿನದೋ, ಹತ್ತು ದಿನ ಹಿಂದಿನದೋ, ಇನ್ನೂ ನಡೆಯುತ್ತಿದೆಯೋ ತಿಳಿಯುತ್ತದೆ. ಇದರೊಂದಿಗೆ ಕ್ರಿಯಾಟಿನಿನ್ ಅಳೆದು ಮೂತ್ರಪಿಂಡದ ಮೇಲೆ ಕಣ್ಣಿಡುತ್ತಾರೆ. ಒಂದು ಸಲ ನೋಡಿ ಬಿಡುವಂತಿಲ್ಲ. ನೀರು ತುಂಬಿದ ಮೇಲೂ ಅದು ಇಳಿಯದಿದ್ದರೆ ಚಿಂತಿಸಬೇಕು.

ಮತ್ತೆ ಮತ್ತೆ ಸ್ನಾಯು ಹಿಡಿಯುವ ಕುದುರೆಗಳದು ಬೇರೆಯದೇ ಲೆಕ್ಕ. ಬೆಂಗಳೂರು, ಮೈಸೂರಿನ ರೇಸ್ ಲಾಯಗಳಲ್ಲಿರುವ ಥರೋಬ್ರೆಡ್ ತಳಿಯಲ್ಲಿ ನೂರಕ್ಕೆ ಐದಾರು ಕುದುರೆಗಳಿಗೆ ಈ ಕಾಟವಿರುವುದು ಬ್ರಿಟನ್, ಅಮೆರಿಕಗಳ ಸಮೀಕ್ಷೆಗಳಲ್ಲಿ ಕಂಡಿದೆ. ಅದರಲ್ಲೂ ಎಳೆಯ, ಬೆದರುವ ಸ್ವಭಾವದ ಹೆಣ್ಣುಕುದುರೆಗಳಿಗೆ ಹೆಚ್ಚು. ದಿನವಿಡೀ ಲಾಯದಲ್ಲಿ ಕಟ್ಟಿ, ಹೊಟ್ಟೆತುಂಬ ಓಟ್ಸ್ ತಿನ್ನಿಸಿ, ಬೆಳಿಗ್ಗೆ ಅರ್ಧ ಗಂಟೆ ಲಗಾಮು ಜಗ್ಗಿ ಓಡಿಸುವ ಪದ್ಧತಿಯೇ ಅವುಗಳಿಗೆ ಒಗ್ಗುವುದಿಲ್ಲ. ಕ್ವಾರ್ಟರ್ ಹಾರ್ಸ್ ತಳಿಯಲ್ಲಿ, ಬೆಲ್ಜಿಯನ್, ಪರ್ಚರಾನ್‌ನಂಥ ಭಾರಿ ಗಾಡಿ ಕುದುರೆಗಳಲ್ಲಿ ಸ್ನಾಯು ಸಕ್ಕರೆಯನ್ನು ಅಸಹಜವಾಗಿ ಕೂಡಿಡುವ ಒಂದು ದೋಷವಿದೆ. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅದರ ಹಿಂದಿನ ವಂಶವಾಹಿಯನ್ನು ಗುರುತಿಸಿದರು. ಭಾನುವಾರದ ರಜೆ ಮುಗಿಸಿ ನಿಲ್ಲುತ್ತಿದ್ದ ಗಾಡಿ ಕುದುರೆಗಳಲ್ಲಿ ಹಲವಕ್ಕೆ ಇದೇ ಇದ್ದಿರಬೇಕು.

ದೂರದ ಸವಾರಿಯಲ್ಲಿ ಮುಂದಿರುವುದು ಅರಬ್ಬಿ ತಳಿ. ಟೆವಿಸ್‌ನಲ್ಲಿ ಮಾತ್ರವಲ್ಲ, ಕೊಲ್ಲಿ ರಾಷ್ಟ್ರಗಳಲ್ಲಿ, ಯುರೋಪಿನಲ್ಲಿ ಎಲ್ಲೆಡೆಯೂ ಅದೇ. ಭಾರತೀಯರೂ ಈಗ ಈ ಹಾದಿಗೆ ಬಂದಿದ್ದಾರೆ. 2023ರಲ್ಲಿ ಫ್ರಾನ್ಸಿನ ಕಾಸ್ಟೆಲ್‌ಸಗ್ರಾದಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೇರಳದ ನಿದಾ ಅಂಜುಂ 120 ಕಿಲೋಮೀಟರು ಪೂರೈಸಿದರು. ಈ ಅರಬ್ಬಿ ಕುದುರೆಗಳಲ್ಲಿ ಕೆಲವು ವರ್ಷಗಟ್ಟಲೆ ಚೆನ್ನಾಗಿ ಓಡಿ, ಆಮೇಲೆ ಒಂದು ದಿನ, ಅದೂ ವಾರವೆರಡು ವಾರ ವಿಶ್ರಾಂತಿ ಪಡೆದು ಹೊರಟಾಗ, ಸ್ನಾಯು ಹಿಡಿದು ನಿಲ್ಲುತ್ತವೆ. ನೋವು ಹೆಚ್ಚು ಕಾಣದು, ಮೂತ್ರ ಮಾತ್ರ ಕಂದು. ಸಂಶೋಧಕಿ ಸ್ಟೆಫನಿ ವಾಲ್‌ಬರ್ಗ್ ಮತ್ತು ಸಹೋದ್ಯೋಗಿಗಳು ಇಂಥ ಕುದುರೆಗಳ ಸ್ನಾಯುವಿನ ಚೂರು ತೆಗೆದು ನೋಡಿ, ಎಳೆಯ ಚೌಕಟ್ಟನ್ನು ಹಿಡಿದಿಡುವ ಡೆಸ್ಮಿನ್ ಎಂಬ ಪ್ರೋಟೀನ್ ಅಲ್ಲಲ್ಲಿ ಗಂಟುಗಟ್ಟಿರುವುದನ್ನು 2016ರಲ್ಲಿ ವರದಿ ಮಾಡಿದರು. ಮಯೊಫೈಬ್ರಿಲರ್ ಮಯೋಪತಿ ಎಂದು ಅದಕ್ಕೆ ಹೆಸರು. ಇದಕ್ಕೆ ಹೊಣೆಯಾದ ಒಂದೇ ವಂಶವಾಹಿ ಸಿಕ್ಕಿಲ್ಲ. ಕೂದಲು ಕಳಿಸಿದರೆ ಇಂಥ ದೋಷ ಪತ್ತೆಮಾಡುತ್ತೇವೆಂದು ಮಾರುವ ಪರೀಕ್ಷೆಗಳಿವೆ. ಅವು ಹುಡುಕುವ ರೂಪಾಂತರಗಳಿಗೂ ಸ್ನಾಯುವಿನಲ್ಲಿ ಕಾಣುವ ರೋಗಕ್ಕೂ ಸಂಬಂಧ ಕಾಣಲಿಲ್ಲವೆಂದು ವಾಲ್‌ಬರ್ಗ್ ತಂಡವೇ ಆಮೇಲೆ ಪ್ರಕಟಿಸಿತು. ಅಂಥ ಒಂದು ಚೀಟಿ ನಂಬಿ ಒಳ್ಳೆಯ ಕುದುರೆಯನ್ನು ಮಾರುವುದು, ಸಂತಾನಕ್ಕೆ ಬಿಡದಿರುವುದು ಅನ್ಯಾಯ.

ಇಂಥ ಕುದುರೆಗಳ ಮೇವಿನಲ್ಲಿ ಹುಲ್ಲು ಹೆಚ್ಚಬೇಕು, ಕಾಳು ತಗ್ಗಬೇಕು, ಕಳೆದ ಶಕ್ತಿಯ ಒಂದಂಶವನ್ನು ಎಣ್ಣೆಯಿಂದ ತುಂಬಬೇಕು. ವಿಟಮಿನ್ ಇ, ಒಳ್ಳೆಯ ಪ್ರೋಟೀನ್ ಬೇಕು. ಕೆಲಸವಿಲ್ಲದ ದಿನ ಓಟ್ಸ್ ಆಗಲಿ ಹುರುಳಿಯಾಗಲಿ ಪಾಲು ಅರ್ಧಕ್ಕಿಳಿಯಬೇಕು, ಆ ದಿನವೂ ಬಯಲಲ್ಲಿ ಓಡಾಡಲು ಬಿಡಬೇಕು. ಕುದುರೆಯ ಸ್ನಾಯುವಿಗೆ ಗ್ಲೈಕೊಜನ್ ಮರಳಲು ಎರಡು ಮೂರು ದಿನ ಹಿಡಿಯುತ್ತದೆ. ಮನುಷ್ಯನಿಗೆ ಒಂದು ದಿನದಲ್ಲಿ ಆಗುವುದು ಅದಕ್ಕೆ ಆಗದು. ಬಿಡುವಿಲ್ಲದೆ ಸ್ಪರ್ಧೆಗಳನ್ನು ಪೋಣಿಸುವವರು ಈ ಲೆಕ್ಕ ಮರೆಯುತ್ತಾರೆ.

ಒಮ್ಮೆ ಸ್ನಾಯು ಹಿಡಿದ ಕುದುರೆಯನ್ನು ಮೊದಲ ಒಂದೆರಡು ದಿನ ಲಾಯದಲ್ಲೇ ಇರಿಸಿ, ಕಾಳು ಪೂರ್ತಿ ನಿಲ್ಲಿಸಿ, ಹುಲ್ಲು ನೀರು ಧಾರಾಳವಾಗಿ ಕೊಡುತ್ತಾರೆ. ಬಿಗಿ ಸಡಿಲಿ ಅದಾಗಿಯೇ ಹೆಜ್ಜೆ ಹಾಕತೊಡಗಿದ ಮೇಲೆ ಸಣ್ಣ ಬಯಲಿಗೆ ಬಿಡುತ್ತಾರೆ. ಅಲ್ಲಿ ಎಷ್ಟು ಅಡ್ಡಾಡಬೇಕೆಂಬುದನ್ನು ಕುದುರೆಯೇ ನಿರ್ಧರಿಸುತ್ತದೆ. ಒಡೆದ ಎಳೆಯ ಜಾಗದಲ್ಲಿ ಹೊಸದು ಬೆಳೆದು ಬಲಿಯಲು ತಿಂಗಳಿಗೂ ಹೆಚ್ಚು ಸಮಯ ಬೇಕಾಗಬಹುದು. ಸಿಕೆ ಪೂರ್ತಿ ಇಳಿದು, ಎಎಸ್‌ಟಿ ಇಳಿಮುಖವಾದ ಮೇಲೆ ಜೀನು ಹಾಕದೆ ಕೆಲವು ದಿನ ಕೈಯಲ್ಲಿ ನಡೆಸಿ, ಆಮೇಲೆ ಸವಾರಿ. ಮೊದಲ ಸವಾರಿ ಮುಗಿದ ನಾಲ್ಕಾರು ಗಂಟೆಗೆ ಮತ್ತೊಮ್ಮೆ ರಕ್ತ ತೆಗೆದು ಸಿಕೆ ನೋಡಬೇಕು. ಅಷ್ಟು ಹಗುರ ಕೆಲಸಕ್ಕೇ ಅದು ಮತ್ತೆ ಸಾವಿರಗಳಿಗೆ ಏರಿದ್ದರೆ, ನಡಿಗೆಯಲ್ಲಿ ಏನೂ ಕಾಣದಿದ್ದರೂ, ಆ ಕುದುರೆಯ ಸ್ನಾಯುವಿನ ಚೂರು ತೆಗೆಸಿ ಪರೀಕ್ಷೆಗೆ ಕಳಿಸುವ ಸಮಯ ಬಂದಿದೆ.